ಸಹಾಯ ಬೇಕು: ಹಳೆಯ ಪೆಟ್ರೋಲ್ ಕಾರಿನಲ್ಲಿ ಇಂಧನದ ಒತ್ತಡ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ತಂದೆಯವರು ಕೊಂಡ 2001ರ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಒಂದೊಂದು ಇಂಜೆಕ್ಟರ್ ಪೆಟ್ರೋಲ್ ಸಿಂಪಡಿಸುವ) ಪೆಟ್ರೋಲ್ ಕಾರನ್ನು ನಾನು ಇಂದಿಗೂ ಪ್ರೀತಿಯಿಂದ ಓಡಿಸುತ್ತಿದ್ದೇನೆ. ಒಂದು ತಿಂಗಳಿನಿಂದ, ಗಾಡಿ ಅರ್ಧ ಗಂಟೆ ನಿಂತರೂ ಸಾಕು, 10 ಸೆಕೆಂಡು ಸ್ಟಾರ್ಟರ್ ತಿರುಗಿಸಿದ ಮೇಲಷ್ಟೇ ಎಂಜಿನ್ ಸ್ಟಾರ್ಟ್ ಆಗುತ್ತದೆ. ಆದರೆ ಕೀಲಿಯನ್ನು ಮೂರು ನಾಲ್ಕು ಸಲ ಆನ್ ಮಾಡಿ, ಪ್ರತಿ ಸಲವೂ ಪಂಪಿನ ಸದ್ದು ನಿಲ್ಲುವವರೆಗೆ ಕಾದು, ನಂತರ ತಿರುಗಿಸಿದರೆ ತಕ್ಷಣ ಸ್ಟಾರ್ಟ್ ಆಗುವುದರಿಂದ ಪ್ಲಗ್ ಮತ್ತು ಬ್ಯಾಟರಿಯ ಮೇಲೆ ನನಗೆ ಅನುಮಾನವಿಲ್ಲ.

ಫ್ಯೂಯೆಲ್ ರೇಲಿಗೆ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಒತ್ತಡದ ಗೇಜ್ ಕಟ್ಟಿ ನೋಡಿದೆ. ಐಡಲಿನಲ್ಲಿ 2.5 ಬಾರ್ ಇದ್ದು, ಇಂಧನದ ಒತ್ತಡ ನಿಯಂತ್ರಿಸುವ ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಬಿಚ್ಚಿದಾಗ 3 ಬಾರಿಗೆ ಏರುತ್ತದೆ. ಆ ಪೈಪಿನೊಳಗೆ ಪೆಟ್ರೋಲಿನ ಪಸೆ ಇಲ್ಲದ ಕಾರಣ ರೆಗ್ಯುಲೇಟರಿನೊಳಗಿನ ಡಯಾಫ್ರಮ್ (ತೆಳು ಪೊರೆ) ಹರಿದಿಲ್ಲವೆಂದು ಭಾವಿಸಿದ್ದೇನೆ. ಎಂಜಿನ್ ನಿಲ್ಲಿಸಿದ 10 ನಿಮಿಷದಲ್ಲಿ ಮುಳ್ಳು ಸೊನ್ನೆಗೆ ಇಳಿಯುತ್ತದೆ. ಹೆಚ್ಚಾದ ಪೆಟ್ರೋಲನ್ನು ರೆಗ್ಯುಲೇಟರಿನಿಂದ ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪನ್ನು ಕ್ಲ್ಯಾಂಪಿನಿಂದ ಒತ್ತಿ ಹಿಡಿದಾಗಲೂ ಅಷ್ಟೇ ವೇಗವಾಗಿ ಇಳಿಯಿತು, ಅಂದರೆ ಒತ್ತಡ ರೆಗ್ಯುಲೇಟರ್ ಮೂಲಕ ಸೋರುತ್ತಿಲ್ಲ. ಸ್ಟಾರ್ಟ್ ಆದಾಗ ಕಪ್ಪು ಹೊಗೆಯಾಗಲಿ ಪೆಟ್ರೋಲ್ ವಾಸನೆಯಾಗಲಿ ಬರದ ಕಾರಣ ಇಂಜೆಕ್ಟರುಗಳು ಸೋರುತ್ತಿರುವಂತಿಲ್ಲ, ಹೊರಗೆಲ್ಲೂ ಸೋರಿಕೆ ಕಾಣುವುದಿಲ್ಲ.

ಹೀಗಾಗಿ ಟ್ಯಾಂಕಿನೊಳಗಿನ ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ) ಸವೆದಿರಬೇಕೆಂಬುದು ನನ್ನ ಊಹೆ. ಗ್ಯಾರೇಜಿನವರೊಬ್ಬರು ಮಾತ್ರ ಗೇಜನ್ನೂ ನೋಡದೆ ನಾಲ್ಕೂ ಇಂಜೆಕ್ಟರ್ ಬದಲಿಸಲು ಹೇಳಿದ್ದಾರೆ, ಅದು ನನಗೆ ಸರಿಯೆನಿಸಲಿಲ್ಲ. ಖಚಿತಪಡಿಸಿಕೊಳ್ಳಲು ಪಂಪಿನಿಂದ ಬರುವ ಪೈಪನ್ನೂ ಒತ್ತಿ ನೋಡಬೇಕು, ಆದರೆ ಅದರ ರಬ್ಬರ್ ಗಟ್ಟಿಯಾಗಿರುವುದರಿಂದ ಬಿರುಕು ಬಿಟ್ಟೀತೆಂಬ ಭಯವಿದೆ. ಟ್ಯಾಂಕ್ ಇಳಿಸದೆ ಇದನ್ನು ಪರೀಕ್ಷಿಸುವ ಬೇರೆ ಸುರಕ್ಷಿತ ವಿಧಾನವಿದೆಯೇ? ಪಂಪ್ ಬದಲಿಸದೆ ಹೊರಗಿನ ಪೈಪಿನಲ್ಲಿ ಪ್ರತ್ಯೇಕ ಚೆಕ್ ವಾಲ್ವ್ ಕೂರಿಸಿದವರಿದ್ದರೆ, ಅದು ಎಷ್ಟು ಕಾಲ ಬಾಳಿತೆಂದು ದಯವಿಟ್ಟು ತಿಳಿಸಿ.