ಅಪ್‌ಡೇಟ್: ಸ್ಟಾಟಿಸ್ಟಿಕ್ಸ್ 2 ಯಾಕೆ ಸಿಗ್ತಿಲ್ಲ ಅಂತ ಕೇಳಿದ್ದೆ

ಐಐಟಿ ಮದ್ರಾಸ್‌ನ ಆನ್‌ಲೈನ್ ಬಿಎಸ್ ಡೇಟಾ ಸೈನ್ಸ್‌ನಲ್ಲಿದ್ದೇನೆ. ಪಿಯುಸಿ ಕಾಮರ್ಸ್. ಗಣಿತಕ್ಕೆ ಹೆದರಿ ಮ್ಯಾಥ್ಸ್ 1 ಕೋರ್ಸನ್ನು ಮುಂದಕ್ಕೆ ಹಾಕಿ, ಸ್ಟಾಟಿಸ್ಟಿಕ್ಸ್ 1 ಆದಮೇಲೆ ಸೀದಾ ಸ್ಟಾಟಿಸ್ಟಿಕ್ಸ್ 2 ತಗೊಳ್ಳಬಹುದಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಆಗಲ್ಲ. ಅದಕ್ಕೆ ಸ್ಟಾಟಿಸ್ಟಿಕ್ಸ್ 1ರ ಜೊತೆ ಮ್ಯಾಥ್ಸ್ 1 ಕೂಡ ಪಾಸಾಗಿರಬೇಕು. ಮೊದಲು ಇದು ಸುಮ್ನೆ ರೂಲ್ ಅನಿಸಿತ್ತು. ಸಿಲಬಸ್ ಬಿಡಿಸಿ ನೋಡಿದಾಗ ಕಾರಣ ಕಂಡಿತು. ಸ್ಟಾಟಿಸ್ಟಿಕ್ಸ್ 2ರಲ್ಲಿ ಕಂಟಿನ್ಯೂಯಸ್ ರ‍್ಯಾಂಡಮ್ ವೇರಿಯಬಲ್ ಬರುತ್ತದೆ, ಅಂದರೆ ಎತ್ತರ, ಸಮಯದ ಹಾಗೆ ಒಂದು ಮಿತಿಯೊಳಗೆ ಯಾವ ಬೆಲೆ ಬೇಕಾದರೂ ಬರಬಹುದಾದ ಅಳತೆ. ಅಲ್ಲಿ ಪ್ರಾಬಬಿಲಿಟಿ ಅಂದರೆ ಕರ್ವ್‌ನ ಕೆಳಗಿನ ಏರಿಯಾ. ಏರಿಯಾ ಬೇಕಾದರೆ ಇಂಟಿಗ್ರೇಷನ್ ಬೇಕು, ಅದನ್ನು ಹೇಳಿಕೊಡೋದು ಮ್ಯಾಥ್ಸ್ 1. ಅದಿಲ್ಲದೆ ಕೂತರೆ ಲೆಕ್ಚರ್ ಕೇಳಿಸುತ್ತದೆ, ತಲೆಗೆ ಹೋಗಲ್ಲ.

ಮ್ಯಾಥ್ಸ್ 2 ಮಾತ್ರ ಸ್ಟಾಟಿಸ್ಟಿಕ್ಸ್ 2ಕ್ಕೆ ಕೋರಿಕ್ವಿಸಿಟ್. ಮೊದಲೇ ಮುಗಿದಿರಲೇಬೇಕು ಅಂತಿಲ್ಲ, ಅದೇ ಟರ್ಮ್‌ನಲ್ಲಿ ಜೊತೆಗೆ ತಗೊಂಡರೂ ನಡೆಯುತ್ತದೆ. ಈ ವ್ಯತ್ಯಾಸ ತಿಳಿಸಿದವರಿಗೆ ಒಂದು ಕಾಫಿ ಬಾಕಿ!

ಪೈಥಾನ್‌ಗೂ ಇದೇ ಕಥೆ, ಮೊದಲು ಕಂಪ್ಯೂಟೇಶನಲ್ ಥಿಂಕಿಂಗ್ ಅನ್ನೋ ಕೋರ್ಸ್ ಮುಗಿದಿರಬೇಕು. ಆಫೀಸಲ್ಲಿ ಸ್ವಲ್ಪ ಕೋಡ್ ಬರೆಯುವ ನನಗೆ ಇದು ಬೋರ್ ಅನಿಸಿತ್ತು. ಅದರಲ್ಲಿ ಅಂಗಡಿ ಬಿಲ್, ಮಾರ್ಕ್ಸ್ ಕಾರ್ಡ್‌ಗಳನ್ನು ಒಂದೊಂದಾಗಿ ಎತ್ತಿ ನೋಡಿ ಮೊತ್ತ ಹಾಕೋದು, ಮ್ಯಾಕ್ಸಿಮಮ್ ಹುಡುಕೋದು. ಕೋಡ್ ಇಲ್ಲ, ಬರೀ ಸೂಡೋಕೋಡ್, ಅಂದರೆ ಪ್ರೋಗ್ರಾಂನ ಹಂತಗಳನ್ನು ಸಾಮಾನ್ಯ ಮಾತಲ್ಲಿ ಬರೆಯೋದು. ಆದರೆ ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡೋದು) ಒಳಗೆ ಇನ್ನೊಂದು ಲೂಪ್ ಬಂದಾಗ ಬೋರ್ ಹೋಯಿತು.

ಈಗ ಮ್ಯಾಥ್ಸ್ 1 ಪಾಸ್. ಈ ಟರ್ಮ್‌ಗೆ ಮ್ಯಾಥ್ಸ್ 2, ಸ್ಟಾಟಿಸ್ಟಿಕ್ಸ್ 2 ಎರಡನ್ನೂ ಒಟ್ಟಿಗೆ ಹಾಕಿದ್ದೇನೆ. ಕೆಲಸದ ಜೊತೆ ಜಾಸ್ತಿ ಆಗುತ್ತಾ, ನೋಡೋಣ. ಪೈಥಾನ್ ಮುಂದಿನ ಟರ್ಮ್‌ಗೆ.