ಹೊಲದಲ್ಲಿಟ್ಟ ಹಳೇ ಫೋನ್‌ನಿಂದ ‘ಕರೆಂಟ್ ಬಂತು’ ಮೆಸೇಜ್: ಸ್ವಲ್ಪ ದಿನ ಬರುತ್ತೆ, ಆಮೇಲೆ ಬಂದ್

ಭೀಮಾದಂಡೆ, ಅಫಜಲಪುರ

ನಮಸ್ಕಾರ್ರಿ ಎಲ್ಲರಿಗೂ. ನಮ್ಮ ಹೊಲ ಊರಿಂದ ದೂರ. ಕಬ್ಬಿಗೆ ನೀರು ಬಿಡೋದೇ ದೊಡ್ಡ ಕೆಲಸ, ಮೋಟರ್ ಓಡಿಸುವ ತ್ರೀ ಫೇಸ್ ಕರೆಂಟ್ ಒಮ್ಮೆ ಹಗಲು ಬರುತ್ತೆ, ಒಮ್ಮೆ ರಾತ್ರಿ, ನಡುವೆ ಲೈನ್ ಟ್ರಿಪ್ ಆದರೆ ಮತ್ತೆ ಯಾವಾಗ ಬರುತ್ತೋ ಹೇಳೋಕಾಗಲ್ಲ. ಸುಮ್ನೆ ಹೋಗಿ ಬಂದು ಪೆಟ್ರೋಲ್ ಸುಡೋದು ಬೇಡ ಅಂತ ಮನೆಯಲ್ಲಿ ಬಿದ್ದಿದ್ದ ಹಳೇ ಆಂಡ್ರಾಯ್ಡ್ ಫೋನ್‌ಗೆ ಒಂದು ಸಿಮ್ ಹಾಕಿ, ಮೋಟರ್ ಶೆಡ್‌ನಲ್ಲಿ ಚಾರ್ಜರ್‌ಗೆ ಸಿಕ್ಕಿಸಿ ಇಟ್ಟಿದ್ದೇನೆ. ಅದರಲ್ಲಿ ಮ್ಯಾಕ್ರೋಡ್ರಾಯ್ಡ್ ಹಾಕಿದ್ದೇನೆ, ‘ಹೀಗಾದರೆ ಹೀಗೆ ಮಾಡು’ ಅಂತ ಫೋನ್‌ಗೆ ಹೇಳಿಡುವ ಆ್ಯಪ್ ಅದು, ಅಂಥ ಒಂದೊಂದು ನಿಯಮಕ್ಕೆ ಮ್ಯಾಕ್ರೋ ಅಂತಾರೆ. ಟ್ರಿಗರ್ ‘ಪವರ್ ಕನೆಕ್ಟೆಡ್’, ಆ್ಯಕ್ಷನ್ ‘ಸೆಂಡ್ ಎಸ್ಎಂಎಸ್’. ನನಗೆ, ತಮ್ಮನಿಗೆ, ಹೊಲ ನೋಡಿಕೊಳ್ಳುವವರಿಗೆ, ಮೂರು ನಂಬರ್‌ಗೆ ‘ಕರೆಂಟ್ ಬಂತು’ ಅಂತ ಹೋಗಬೇಕು. ಅಷ್ಟೇ.

ತೊಂದರೆ ಮೂರು ಥರ ಇದೆ. ಸ್ವಲ್ಪ ದಿನ ಚೆನ್ನಾಗಿ ನಡೆದು ಆಮೇಲೆ ಏನೂ ಬರಲ್ಲ, ಹೋಗಿ ಆ್ಯಪ್ ತೆರೆದರೆ ಮತ್ತೆ ಶುರುವಾಗುತ್ತೆ. ಕೆಲವು ಸಲ ಒಂದೇ ಸಮ ಹತ್ತಾರು ಮೆಸೇಜ್ ಬಂದು ಬೀಳುತ್ತೆ. ಇನ್ನು ಮೂರನೆಯದು ನನಗೆ ಅರ್ಥವೇ ಆಗಿಲ್ಲ: ರಾತ್ರಿ ಮೆಸೇಜ್ ಬರುತ್ತೆ, ಬ್ಯಾಟರಿ ಹಿಡಿದು ಹೊಲಕ್ಕೆ ಹೋದರೆ ಶೆಡ್‌ನ ಬಲ್ಬ್ ಉರಿತಾ ಇರುತ್ತೆ, ಮೋಟರ್ ಮಾತ್ರ ಎತ್ತಲ್ಲ. ಕತ್ತಲಲ್ಲಿ ಕಬ್ಬಿನ ಸಾಲಿನಲ್ಲಿ ಓಡಾಡೋದು ಸಣ್ಣ ವಿಷಯ ಅಲ್ಲ, ಹಾವು ಹುಳ ಇರುತ್ತೆ. ದಯವಿಟ್ಟು ಯಾರಾದರೂ ದಾರಿ ಹೇಳಿ.

ಬೀದರ್ ಮೇಷ್ಟ್ರು

ಮೊದಲನೆಯದಕ್ಕೆ ಡೋಜ್ ಅನ್ನೋ ಬ್ಯಾಟರಿ ಉಳಿಸುವ ವ್ಯವಸ್ಥೆ ಕಾರಣ ಇರಬೇಕು. ಆಂಡ್ರಾಯ್ಡ್ 6ರಿಂದ ಇದೆ. ಫೋನ್ ಅಲುಗಾಡದೆ, ಸ್ಕ್ರೀನ್ ಆಫ್ ಆಗಿ ಬಿದ್ದಿದ್ದರೆ ಆ್ಯಪ್‌ಗಳನ್ನು ಮಲಗಿಸುತ್ತೆ. ಸೆಟ್ಟಿಂಗ್ಸ್‌ನಲ್ಲಿ ಮ್ಯಾಕ್ರೋಡ್ರಾಯ್ಡ್‌ಗೆ ಬ್ಯಾಟರಿ ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ ನೋಡಿ. ನಮ್ಮ ಶಾಲೆಯ ಟ್ಯಾಬ್‌ನಲ್ಲಿ ಪಿರಿಯಡ್ ಬೆಲ್ ಬಾರಿಸೋಕೆ ಇದೇ ಆ್ಯಪ್ ಇಟ್ಟಿದ್ದೇವೆ. ಅದು ಮೊದಲು ಬೆಲ್ ತಡವಾಗಿ ಬಾರಿಸುತ್ತಿತ್ತು, ‘ಅಲಾರ್ಮ್ಸ್ ಆ್ಯಂಡ್ ರಿಮೈಂಡರ್ಸ್’ ಅನುಮತಿ ಕೊಟ್ಟ ಮೇಲೆ ಸರಿಹೋಯಿತು.

ಸೂಪರ್ ಮಾರ್ಕೆಟ್ ರಿಪೇರಿ, ಕಲಬುರಗಿ

ಮೇಷ್ಟ್ರೇ, ಬೆಲ್‌ಗೆ ನೀವು ಹೇಳಿದ್ದು ಸರಿ, ಆದರೆ ಇವರ ಕೇಸ್‌ನಲ್ಲಿ ಡೋಜ್ ಅಲ್ಲ ಅಂತ ನನ್ನ ಅಭಿಪ್ರಾಯ. ಚಾರ್ಜರ್‌ಗೆ ಕರೆಂಟ್ ಬಂದ ತಕ್ಷಣ ಡೋಜ್ ತಾನೇ ಬಿಟ್ಟುಹೋಗುತ್ತೆ. ಇಲ್ಲಿ ಕಾರಣ ಬೇರೆ. ಆಂಡ್ರಾಯ್ಡ್ 8ರ ನಂತರ ‘ಪವರ್ ಬಂತು’ ಅನ್ನೋ ಸುದ್ದಿಯನ್ನು ಸಿಸ್ಟಮ್ ಆಗಲೇ ಓಡುತ್ತಿರುವ ಆ್ಯಪ್‌ಗೆ ಮಾತ್ರ ಕೊಡುತ್ತೆ. ಆ್ಯಪ್ ಸತ್ತಿದ್ದರೆ ಅದನ್ನು ಎಬ್ಬಿಸಿ ಹೇಳಲ್ಲ. ಹಾಗಾಗಿ ನಿಮ್ಮ ಫೋನ್ ಮ್ಯಾಕ್ರೋಡ್ರಾಯ್ಡನ್ನು ಹಿನ್ನೆಲೆಯಲ್ಲಿ ಕೊಂದುಹಾಕಿದರೆ ಆಟ ಮುಗಿಯಿತು. ನೀವು ಹೋಗಿ ತೆರೆದಾಗ ಮತ್ತೆ ಶುರುವಾಗುತ್ತೆ ಅಂದಿರಲ್ಲ, ಅದೇ ಇದಕ್ಕೆ ಸಾಕ್ಷಿ.

ಬ್ಯಾಟರಿ ಅನ್‌ರಿಸ್ಟ್ರಿಕ್ಟೆಡ್ ಮಾಡಿ, ಅದು ಬೇಕೇ ಬೇಕು. ಆದರೆ ಹಲವು ಫೋನ್‌ಗಳಲ್ಲಿ ಅದೊಂದೇ ಸಾಲಲ್ಲ, ‘ಆಟೋಸ್ಟಾರ್ಟ್’ ಅಂತ ಬೇರೆ ಜಾಗದಲ್ಲಿ ಇನ್ನೊಂದು ಸ್ವಿಚ್ ಇರುತ್ತೆ, ಅದನ್ನೂ ಆನ್ ಮಾಡಿ. ರೀಸೆಂಟ್ ಆ್ಯಪ್ಸ್ ಪರದೆಯಲ್ಲಿ ಬೀಗದ ಗುರುತು ಸಿಕ್ಕರೆ ಒತ್ತಿ. ಮ್ಯಾಕ್ರೋಡ್ರಾಯ್ಡ್‌ನ ನೋಟಿಫಿಕೇಶನ್ ಮೇಲೆ ಕಾಣುತ್ತಿರಲಿ, ಕಿರಿಕಿರಿ ಅಂತ ಮುಚ್ಚಬೇಡಿ. ಆ್ಯಪ್ ಇನ್ಫೋದಲ್ಲಿ ‘ಬಳಸದಿದ್ದರೆ ಆ್ಯಪ್ ನಿಲ್ಲಿಸು’ ಅನ್ನೋದನ್ನು ಆಫ್ ಮಾಡಿ. ಶೆಡ್‌ನಲ್ಲಿ ತಿಂಗಳುಗಟ್ಟಲೆ ಯಾರೂ ಆ್ಯಪ್ ತೆರೆಯಲ್ಲ, ಅಲ್ವಾ? ಹಾಗೆ ಬಿಟ್ಟರೆ ಸಿಸ್ಟಮ್ ಎಸ್ಎಂಎಸ್ ಅನುಮತಿಯನ್ನೇ ವಾಪಸ್ ತಗೊಳ್ಳುತ್ತೆ.

ಇನ್ನೊಂದು, ಎರಡು ಸಿಮ್ ಜಾಗ ಇದ್ದರೆ ಎಸ್ಎಂಎಸ್‌ಗೆ ಒಂದು ಸಿಮ್ ಖಾಯಂ ಆರಿಸಿ. ‘ಪ್ರತಿ ಸಲ ಕೇಳು’ ಅಂತ ಇದ್ದರೆ ಶೆಡ್‌ನಲ್ಲಿ ಉತ್ತರ ಹೇಳೋರು ಯಾರು? ಆಮೇಲೆ ಮ್ಯಾಕ್ರೋಡ್ರಾಯ್ಡ್ ಒಳಗೆ ಸಿಸ್ಟಮ್ ಲಾಗ್ ಇರುತ್ತೆ. ಮೆಸೇಜ್ ಮಳೆ ಸುರಿದ ದಿನದ್ದು ಇಲ್ಲಿ ಹಾಕಿ ನೋಡೋಣ.

ಭೀಮಾದಂಡೆ, ಅಫಜಲಪುರ

ಆಟೋಸ್ಟಾರ್ಟ್ ನಿಜವಾಗಿಯೂ ಆಫ್ ಇತ್ತು, ಆನ್ ಮಾಡಿದೆ. ಲಾಗ್‌ನಲ್ಲಿ ಹೀಗಿದೆ:

18:41 ಪವರ್ ಕನೆಕ್ಟೆಡ್. 18:41 ಎಸ್ಎಂಎಸ್ ಹೋಯಿತು. 18:41 ಡಿಸ್‌ಕನೆಕ್ಟೆಡ್. 18:42 ಕನೆಕ್ಟೆಡ್. 18:42 ಎಸ್ಎಂಎಸ್. 18:42 ಡಿಸ್‌ಕನೆಕ್ಟೆಡ್. 18:43 ಕನೆಕ್ಟೆಡ್.

ಹೀಗೇ ಕೆಳಗಿನವರೆಗೂ ಇದೆ. ಕೊನೆಗೆ ಫೋನ್ ಪರದೆ ಮೇಲೆ ಇಂಗ್ಲಿಷ್‌ನಲ್ಲಿ, ಈ ಆ್ಯಪ್ ಜಾಸ್ತಿ ಮೆಸೇಜ್ ಕಳಿಸ್ತಾ ಇದೆ, ಬಿಡಲೋ ಬೇಡವೋ ಅಂತ ಕೇಳುವ ಒಂದು ಚೌಕ ನಿಂತಿತ್ತು.

ಸೂಪರ್ ಮಾರ್ಕೆಟ್ ರಿಪೇರಿ, ಕಲಬುರಗಿ

ಸಿಕ್ಕಿತು. ಲೈನ್ ಬಂದಾಗ ಸುತ್ತಲಿನ ಮೋಟರ್‌ಗಳೆಲ್ಲ ಒಟ್ಟಿಗೆ ಸ್ಟಾರ್ಟ್ ಆಗುತ್ತವೆ. ಒಂದು ಮೋಟರ್ ಎದ್ದೇಳುವಾಗ ಓಡುವುದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತೆ, ವೋಲ್ಟೇಜ್ ಬಿದ್ದು ಏಳುತ್ತೆ, ಟ್ರಿಪ್ ಆಗಿ ಮತ್ತೆ ಬರುತ್ತೆ. ಪ್ರತಿ ಸಲವೂ ನಿಮ್ಮ ಚಾರ್ಜರ್‌ಗೆ ಅದು ಹೊಸ ಕರೆಂಟ್. ಒಂದು ಆ್ಯಪ್ ಸ್ವಲ್ಪ ಹೊತ್ತಿನಲ್ಲೇ ತುಂಬಾ ಎಸ್ಎಂಎಸ್ ಕಳಿಸಹೋದರೆ ಆಂಡ್ರಾಯ್ಡ್ ತಡೆದು ಆ ಚೌಕ ತೋರಿಸುತ್ತೆ. ಮೂರು ನಂಬರ್ ಇರೋದರಿಂದ ಹತ್ತು ಸಲ ಮಿಣುಕಿದರೆ 30 ಎಸ್ಎಂಎಸ್ ಆಗಿಯೇ ಬಿಡುತ್ತೆ. ಅದಲ್ಲದೆ ಸಾಮಾನ್ಯ ಪ್ಯಾಕ್‌ಗಳಲ್ಲಿ ದಿನಕ್ಕೆ ಉಚಿತ ಎಸ್ಎಂಎಸ್ 100 ಮಾತ್ರ.

ಹೀಗೆ ಮಾಡಿ. ಮೊದಲ ಮ್ಯಾಕ್ರೋದಲ್ಲಿ ಟ್ರಿಗರ್ ಅದೇ ಇರಲಿ. ಎಸ್ಎಂಎಸ್‌ಗಿಂತ ಮುಂಚೆ ‘ವೇಟ್ ಬಿಫೋರ್ ನೆಕ್ಸ್ಟ್ ಆ್ಯಕ್ಷನ್’ ಹಾಕಿ 3 ನಿಮಿಷ ಕೊಡಿ, ಅದರಲ್ಲಿ ‘ಯೂಸ್ ಅಲಾರ್ಮ್’ಗೆ ಟಿಕ್ ಹಾಕಿ. ಮೇಷ್ಟ್ರು ಹೇಳಿದ ಅಲಾರ್ಮ್ ಅನುಮತಿ ಇಲ್ಲಿ ಕೆಲಸಕ್ಕೆ ಬರುತ್ತೆ, ಹೊಸ ಆಂಡ್ರಾಯ್ಡ್ ಆದರೆ ಕೊಟ್ಟಿದೆಯಾ ನೋಡಿಕೊಳ್ಳಿ. ಎರಡನೇ ಮ್ಯಾಕ್ರೋದಲ್ಲಿ ಟ್ರಿಗರ್ ‘ಪವರ್ ಡಿಸ್‌ಕನೆಕ್ಟೆಡ್’, ಆ್ಯಕ್ಷನ್ ‘ಕ್ಯಾನ್ಸಲ್ ಮ್ಯಾಕ್ರೋ ಆ್ಯಕ್ಷನ್ಸ್’, ಅದರಲ್ಲಿ ಮೊದಲ ಮ್ಯಾಕ್ರೋ ಹೆಸರು ಆರಿಸಿ. ಈಗ ಕರೆಂಟ್ ಬಂದು ಒಂದೇ ನಿಮಿಷದಲ್ಲಿ ಹೋದರೆ ಕಾಯುತ್ತಿದ್ದ ಮೆಸೇಜ್ ಅಲ್ಲೇ ರದ್ದಾಗುತ್ತೆ. ಮತ್ತೆ ಬಂದರೆ 3 ನಿಮಿಷ ಹೊಸದಾಗಿ ಶುರು. ಮೂರು ನಿಮಿಷ ನಿಂತ ಕರೆಂಟ್‌ಗೆ ಮಾತ್ರ ಮೆಸೇಜ್. ಉಚಿತ ಆವೃತ್ತಿಯಲ್ಲಿ 5 ಮ್ಯಾಕ್ರೋ ಸಿಗುತ್ತೆ, ನಿಮಗೆ ಎರಡು ಸಾಕು.

ರಾತ್ರಿಯ ವಿಷಯ ನನ್ನ ಕೈಯಲ್ಲಿಲ್ಲ. ಮೋಟರ್ ಬಲ್ಲವರು ಹೇಳಬೇಕು.

ಶಹಾಪುರ ವೈಂಡಿಂಗ್

ಅದನ್ನು ನಾನು ಹೇಳ್ತೀನಿ. ನಿಮ್ಮ ಫೋನ್ ಸುಳ್ಳು ಹೇಳ್ತಾ ಇಲ್ಲ. ಹೊಲದ ಫೀಡರ್‌ಗೆ, ಅಂದರೆ ಹೊಲಗಳ ಕಡೆ ಬರುವ ಲೈನ್‌ಗೆ, ತ್ರೀ ಫೇಸ್ ಕೊಡುವ ಹೊತ್ತು ಮುಗಿದ ಮೇಲೆ, ಹೊಲದಲ್ಲಿ ಮನೆ ಮಾಡಿಕೊಂಡಿರುವವರ ದೀಪಕ್ಕೆ ಅಂತ ರಾತ್ರಿ ಸಿಂಗಲ್ ಫೇಸ್ ಬಿಡುತ್ತಾರೆ. ಚಾರ್ಜರ್‌ಗೆ ಒಂದು ಫೇಸ್, ಒಂದು ನ್ಯೂಟ್ರಲ್ ಸಿಕ್ಕರೆ ಸಾಕು, ಅದು ಫೋನ್‌ಗೆ ‘ಬಂತು’ ಅಂತ ಹೇಳುತ್ತೆ. ಬಲ್ಬ್ ಉರಿಯೋದೂ ಅದಕ್ಕೇ. ಮೋಟರ್‌ಗೆ ಮೂರೂ ಬೇಕು. ಇದನ್ನು ಆ್ಯಪ್ ಒಳಗೆ ಎಷ್ಟು ತಿದ್ದಿದರೂ ಸರಿಹೋಗಲ್ಲ, ಯಾಕಂದರೆ ತ್ರೀ ಫೇಸ್ ಬಂತೋ ಸಿಂಗಲ್ ಬಂತೋ ಅಂತ ಚಾರ್ಜರ್‌ಗೇ ಗೊತ್ತಿಲ್ಲ.

ಚಾರ್ಜರ್‌ಗೆ ಕರೆಂಟ್ ಎಲ್ಲಿಂದ ಬರಬೇಕು ಅನ್ನೋದನ್ನು ಬದಲಿಸಿ. ಮೂರು ಫೇಸ್ ನೋಡುವ ರಿಲೇ, ಅಂದರೆ ತಾನೇ ಆನ್-ಆಫ್ ಆಗುವ ಸ್ವಿಚ್ ಸಿಗುತ್ತೆ, ಫೇಸ್ ಫೇಲ್ಯೂರ್ ರಿಲೇ ಅಂತ ಕೇಳಿದರೆ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೊಡುತ್ತಾರೆ. ಮೂರೂ ಸರಿಯಾಗಿ ಬಂದರೆ ಮಾತ್ರ ಅದರೊಳಗಿನ ಕಾಂಟ್ಯಾಕ್ಟ್ ಸೇರುತ್ತೆ. ಚಾರ್ಜರ್ ಸಾಕೆಟ್‌ಗೆ ಹೋಗುವ ಫೇಸ್ ವೈರನ್ನು ಆ ಕಾಂಟ್ಯಾಕ್ಟ್ ಮೂಲಕ ಹಾಯಿಸಬೇಕು. ಆಗ ಸಿಂಗಲ್ ಫೇಸ್ ಇರುವಾಗ ಚಾರ್ಜರ್ ಸತ್ತಂತೆ ಇರುತ್ತೆ, ತ್ರೀ ಫೇಸ್ ಬಂದಾಗ ಮಾತ್ರ ಏಳುತ್ತೆ. ನಿಮ್ಮ ಸ್ಟಾರ್ಟರ್‌ನಲ್ಲಿ ಆಗಲೇ ಸಿಂಗಲ್ ಫೇಸ್ ಪ್ರಿವೆಂಟರ್ ಇರಬಹುದು, ಅದು ಮೋಟರ್ ಕಾಯೋಕೆ ಇರೋದು, ಅದನ್ನು ಬಿಚ್ಚಿ ಇದಕ್ಕೆ ಬಳಸಬೇಡಿ. ಎರಡೇ ಫೇಸ್‌ನಲ್ಲಿ ಓಡಿ ವೈಂಡಿಂಗ್ ಸುಟ್ಟ ಮೋಟರ್ ಬೇಸಿಗೆಯಲ್ಲಿ ನನ್ನ ಅಂಗಡಿಗೆ ಬರ್ತಾನೇ ಇರುತ್ತವೆ. ಹೊಸ ರಿಲೇ ಬೇರೆಯಾಗಿ ಹಾಕಿಸಿ.

ಕೈಮುಗಿದು ಹೇಳ್ತೀನಿ, ಈ ವೈರಿಂಗ್ ನೀವು ಮಾಡಬೇಡಿ. ಸ್ಟಾರ್ಟರ್ ಡಬ್ಬಿ ಒಳಗೆ 415 ವೋಲ್ಟ್ ಇರುತ್ತೆ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ.

ಬೀದರ್ ಮೇಷ್ಟ್ರು

ಇಷ್ಟೆಲ್ಲ ಯಾಕೆ, ಮೊಬೈಲ್ ಸ್ಟಾರ್ಟರೇ ಹಾಕಿಸಬಹುದಲ್ಲ? ಮನೆಯಲ್ಲೇ ಕೂತು ಮೋಟರ್ ಆನ್ ಮಾಡಬಹುದು.

ಭೀಮಾದಂಡೆ, ಅಫಜಲಪುರ

ಮೇಷ್ಟ್ರೇ, ಅದನ್ನು ಯೋಚಿಸಿದ್ದೆವು. ಆದರೆ ಪೈಪ್ ಹತ್ತಿರ ಯಾರಾದರೂ ಕೆಲಸ ಮಾಡ್ತಾ ಇರಬಹುದು, ಕಾಲುವೆ ಒಡೆದು ಪಕ್ಕದ ತೊಗರಿಗೆ ನೀರು ನುಗ್ಗಬಹುದು. ಕಣ್ಣಿಂದ ನೋಡದೆ ಮೋಟರ್ ಎಬ್ಬಿಸೋದು ನಮ್ಮ ಮನೆಯಲ್ಲಿ ಯಾರಿಗೂ ಬೇಡ. ಸುದ್ದಿ ಸಿಕ್ಕರೆ ಸಾಕು.

ಶಹಾಪುರದವರಿಗೆ ಒಂದು ಪ್ರಶ್ನೆ. ರಿಲೇ ಹಾಕಿದರೆ ತ್ರೀ ಫೇಸ್ ಇರುವ ಹೊತ್ತು ಮಾತ್ರ ಫೋನ್ ಚಾರ್ಜ್ ಆಗುತ್ತೆ. ಟ್ರಾನ್ಸ್‌ಫಾರ್ಮರ್ ಸುಟ್ಟು ನಾಲ್ಕೈದು ದಿನ ಕರೆಂಟೇ ಇಲ್ಲದಿದ್ದರೆ ಫೋನ್ ಆಫ್ ಆಗಿಬಿಡುತ್ತೆ, ಆಮೇಲೆ?

ಸೂಪರ್ ಮಾರ್ಕೆಟ್ ರಿಪೇರಿ, ಕಲಬುರಗಿ

ಇದು ನನ್ನ ಕೆಲಸ. ಬ್ಯಾಟರಿ ಖಾಲಿಯಾಗಿ ಆಫ್ ಆದ ಫೋನ್ ಚಾರ್ಜರ್‌ಗೆ ಕರೆಂಟ್ ಬಂದರೂ ತಾನೇ ಆನ್ ಆಗಲ್ಲ, ಬ್ಯಾಟರಿ ಚಿತ್ರ ತೋರಿಸಿ ಸುಮ್ಮನಿರುತ್ತೆ. ಸೆಟ್ಟಿಂಗ್ಸ್‌ನಲ್ಲಿ ‘ಶೆಡ್ಯೂಲ್ಡ್ ಪವರ್ ಆನ್’ ಇದೆಯಾ ಹುಡುಕಿ, ಕೆಲವು ಫೋನ್‌ಗಳಲ್ಲಿ ಇರುತ್ತೆ. ಇದ್ದರೆ ಬೆಳಗ್ಗೆ 5ಕ್ಕೆ ಇಡಿ. ವೈಫೈ, ಬ್ಲೂಟೂತ್, ಲೊಕೇಶನ್, ಮೊಬೈಲ್ ಡೇಟಾ ಎಲ್ಲ ಆಫ್ ಮಾಡಿ, ಎಸ್ಎಂಎಸ್‌ಗೆ ಯಾವುದೂ ಬೇಡ. ಬ್ಯಾಟರಿ ಹಳೆಯದಾಗಿದ್ದರೆ ಹೊಸದು ಹಾಕಿಸಿ.

ಜನ ಮರೆಯುವ ಸಂಗತಿ ಒಂದಿದೆ. ಸ್ಕ್ರೀನ್ ಲಾಕ್ ಪಿನ್ ಇದ್ದರೆ, ಫೋನ್ ಆಫ್ ಆಗಿ ಆನ್ ಆದ ಮೇಲೆ ಯಾರಾದರೂ ಪಿನ್ ಒತ್ತುವವರೆಗೆ ಇಂಥ ಆ್ಯಪ್ ಏಳಲ್ಲ. ಅದಕ್ಕೆ ಸ್ಕ್ರೀನ್ ಲಾಕ್ ತೆಗೆಯಿರಿ, ಸಿಮ್ ಪಿನ್ ಇದ್ದರೆ ಅದನ್ನೂ ತೆಗೆಯಿರಿ. ಲಾಕ್ ಇಲ್ಲದ ಫೋನ್ ಶೆಡ್‌ನಲ್ಲಿ ಇರುತ್ತೆ, ಹಾಗಾಗಿ ಅದರಲ್ಲಿ ಬ್ಯಾಂಕ್, ಯುಪಿಐ, ಫೋಟೋ, ನಿಮ್ಮ ಜಿಮೇಲ್ ಯಾವುದೂ ಇರಬಾರದು. ಬ್ಯಾಂಕ್‌ಗೆ ಜೋಡಿಸಿದ ಸಿಮ್ ಅಂತೂ ಬೇಡವೇ ಬೇಡ.

ಫೋನ್ ಎಲ್ಲಿ ಇಟ್ಟಿದ್ದೀರಿ? ತಗಡಿನ ಶೆಡ್ ಅಂದರೆ ನಮ್ಮ ಕಡೆ ಮೇ ತಿಂಗಳಲ್ಲಿ ಒಳಗೆ ಕಾದ ಹಂಚು ಇದ್ದ ಹಾಗೆ. ಹೊರಗೇ 42 ಡಿಗ್ರಿ ಇರುತ್ತೆ. ಲಿಥಿಯಂ ಬ್ಯಾಟರಿ 45 ದಾಟಿದರೆ ಚಾರ್ಜ್ ಮಾಡಬಾರದು, ಹಾಗೇ ಕಾಯ್ತಾ ಇದ್ದರೆ ಊದಿಕೊಳ್ಳುತ್ತೆ. ಸ್ಟಾರ್ಟರ್ ಡಬ್ಬಿ ಮೇಲಂತೂ ಇಡಬೇಡಿ. ಬೆನ್ನಿನ ಮುಚ್ಚಳ ಉಬ್ಬಿದ್ದು ಕಂಡರೆ ಅವತ್ತೇ ತೆಗೆದುಬಿಡಿ.

ಭೀಮಾದಂಡೆ, ಅಫಜಲಪುರ

ಎಲ್ಲ ಮಾಡಿಸಿದೆ. ಎಲೆಕ್ಟ್ರಿಷಿಯನ್ ಬಂದು ರಿಲೇ ಕೂರಿಸಿದರು. ಶೆಡ್‌ನ ಬಲ್ಬ್ ಮಾತ್ರ ಮೊದಲಿನ ಹಾಗೆ ನೇರ ಲೈನ್‌ನಲ್ಲೇ ಬಿಡಲು ಹೇಳಿದೆ, ರಾತ್ರಿ ಬೆಳಕು ಬೇಕಲ್ಲ. ಫೋನನ್ನು ಬೇವಿನ ನೆರಳು ಬೀಳುವ ಉತ್ತರದ ಗೋಡೆಯ ಗೂಡಿಗೆ ಸರಿಸಿದ್ದೇನೆ. ನಿನ್ನೆ ರಾತ್ರಿ ಸಿಂಗಲ್ ಫೇಸ್ ಬಂದಾಗ ಮೆಸೇಜ್ ಬರಲಿಲ್ಲ, ಹೊಲದಲ್ಲಿದ್ದವರು ಫೋನ್ ಮಾಡಿ ಬಲ್ಬ್ ಉರಿತಾ ಇದೆ ಅಂದರು. ಇವತ್ತು ತ್ರೀ ಫೇಸ್ ಬಂದು 3 ನಿಮಿಷಕ್ಕೆ ಮೂರೂ ನಂಬರ್‌ಗೆ ಒಂದೊಂದೇ ಮೆಸೇಜ್ ಬಂತು.

ತಮ್ಮ ಈಗ ‘ಕರೆಂಟ್ ಹೋಯಿತು’ ಅಂತಲೂ ಬರಲಿ ಅಂತಿದ್ದಾನೆ. ಎರಡನೇ ಮ್ಯಾಕ್ರೋದಲ್ಲೇ ಸೇರಿಸಬಹುದಾ, ಬೇರೆ ಮಾಡಬೇಕಾ?

ಸೂಪರ್ ಮಾರ್ಕೆಟ್ ರಿಪೇರಿ, ಕಲಬುರಗಿ

ಅದರಲ್ಲೇ ಸೇರಿಸಿ. ಕ್ಯಾನ್ಸಲ್ ಆದ ಮೇಲೆ 5 ನಿಮಿಷದ ವೇಟ್ ಹಾಕಿ, ಅಲಾರ್ಮ್ ಟಿಕ್ ಇಲ್ಲಿ ಮರೆಯಲೇಬೇಡಿ, ಕರೆಂಟ್ ಇಲ್ಲದಾಗ ಮೇಷ್ಟ್ರು ಹೇಳಿದ ಡೋಜ್ ನಿಜವಾಗಿ ಬರುತ್ತೆ. ಆಮೇಲೆ ಎಸ್ಎಂಎಸ್. ಮೊದಲ ಮ್ಯಾಕ್ರೋದ ತಲೆಯಲ್ಲೂ ಒಂದು ಕ್ಯಾನ್ಸಲ್ ಹಾಕಿ ಇದರ ಹೆಸರು ಕೊಡಿ, 5 ನಿಮಿಷದೊಳಗೆ ಕರೆಂಟ್ ವಾಪಸ್ ಬಂದರೆ ‘ಹೋಯಿತು’ ಮೆಸೇಜ್ ಹೋಗಲ್ಲ. ಎಸ್ಎಂಎಸ್ ಒಂದೇ ನಂಬರ್‌ಗೆ ಸಾಕು, ದಿನದ 100 ಉಳಿಯುತ್ತೆ.