ಸಂಬಳ ಹೆಚ್ಚಾಯಿತು, ಮನೆ ದೊಡ್ಡದಾಯಿತು. ದಿನ ಮಾತ್ರ ಯಾಕೆ ಸಪ್ಪೆ?

ಪ್ರಶ್ನೆ: ಹೊಂಗೆನೆರಳು

ಎಲ್ಲರಿಗೂ ನಮಸ್ಕಾರ. ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಮೊದಲು ಹನುಮಂತನಗರದಲ್ಲಿ ಬಾಡಿಗೆ ಮನೆ, ಆಫೀಸು ಬೆಳ್ಳಂದೂರಿನ ಕಡೆ. ಓಡಾಟ ತಪ್ಪಲಿ ಅಂತ ಹೋದ ವರ್ಷ ಸರ್ಜಾಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿಗೆ ಬಂದೆವು. ಮನೆ ಚೆನ್ನಾಗಿದೆ, ಗಾಳಿ ಬೆಳಕು ಧಾರಾಳ. ಮಗಳು ಹೊಸ ಶಾಲೆಗೆ ಹೊಂದಿಕೊಂಡಿದ್ದಾಳೆ. ಸಂಬಳವೂ ಜಾಸ್ತಿಯಾಗಿದೆ. ಮನೆಯಲ್ಲಿ ಜಗಳ, ತಾಪತ್ರಯ ಏನೂ ಇಲ್ಲ.

ಆದರೂ ದಿನಗಳು ಸಪ್ಪೆಯಾಗಿವೆ. ಹಾಲು ಬಾಗಿಲಿಗೆ ಬರುತ್ತದೆ. ಸೊಪ್ಪು, ತರಕಾರಿ ಫೋನಿನಲ್ಲಿ ಒತ್ತಿದರೆ ಹತ್ತು ನಿಮಿಷದಲ್ಲಿ ಬರುತ್ತದೆ. ತಂದುಕೊಡುವ ಹುಡುಗ ಚೀಲ ಇಟ್ಟು, ಬೆಲ್ ಒತ್ತಿ, ನಾನು ಬಾಗಿಲು ತೆಗೆಯುವಷ್ಟರಲ್ಲಿ ಲಿಫ್ಟಿನಲ್ಲಿರುತ್ತಾನೆ. ವಾರದ ಅರ್ಧದಷ್ಟು ದಿನಗಳು ಮನೆಯಿಂದಲೇ ಕೆಲಸ. ಹೊಸದೇನೂ ಕಲಿಯುತ್ತಿಲ್ಲ ಅನ್ನೋ ಕೊರಗು ಬೇರೆ. ಆನ್‌ಲೈನ್ ಕೋರ್ಸುಗಳು ಅರ್ಧಕ್ಕೇ ನಿಂತಿವೆ.

ನಿಮ್ಮ ದಿನದಲ್ಲಿ ನಿಜವಾಗಿ ಖುಷಿ ಕೊಡೋದು, ನಿಮ್ಮನ್ನು ಸ್ವಲ್ಪ ಮುಂದಕ್ಕೆ ತಳ್ಳೋದು ಯಾವುದು? ದೊಡ್ಡ ವಿಷಯ ಬೇಡ. ದಿನಾ ನಡೆಯುವಂಥದ್ದು ಹೇಳಿ. "ಪಾಸಿಟಿವ್ ಆಗಿ ಯೋಚಿಸಿ" ಅನ್ನೋದನ್ನು ಬಿಟ್ಟು ಏನು ಹೇಳಿದರೂ ಓದುತ್ತೇನೆ.

ಉತ್ತರ: ನಾಲ್ಕನೇ ಬ್ಲಾಕ್

ನನ್ನ ಮಟ್ಟಿಗೆ ದಾರಿಯೇ ಎಲ್ಲಕ್ಕಿಂತ ದೊಡ್ಡದು. ಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಬೈಕಿನಲ್ಲಿ ಹೋಗುತ್ತಿದ್ದಾಗ ಸಿಲ್ಕ್ ಬೋರ್ಡ್ ದಾಟುವಷ್ಟರಲ್ಲಿ ಅವತ್ತಿನ ತಾಳ್ಮೆ ಮುಗಿದಿರುತ್ತಿತ್ತು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಮೆಟ್ರೋ ಹಿಡಿದೆ. ಈಗ ಕಿಟಕಿ ಪಕ್ಕ ನಿಂತು ಕಥೆ ಓದುತ್ತೇನೆ. ಆಫೀಸಿನಲ್ಲಿ ನನ್ನ ಮಾತಿನ ಧಾಟಿಯೇ ಬದಲಾಗಿದೆ ಅಂತ ಜೊತೆಯವರು ಹೇಳುತ್ತಾರೆ.

ಇದು ನನ್ನೊಬ್ಬನ ಅನುಭವ ಮಾತ್ರ ಅಲ್ಲ. ಮನಃಶಾಸ್ತ್ರಜ್ಞ ಡೇನಿಯಲ್ ಕಾನ್‌ಮನ್ ಮತ್ತು ಜೊತೆಗಾರರು 2004ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಟೆಕ್ಸಸ್‌ನ 909 ಉದ್ಯೋಗಸ್ಥ ಹೆಂಗಸರಿಂದ ಹಿಂದಿನ ದಿನದ ಲೆಕ್ಕ ಬರೆಸಿದ್ದರು. ಯಾವ ಹೊತ್ತು ಏನು ಮಾಡಿದಿರಿ, ಆಗ ಮನಸ್ಸು ಹೇಗಿತ್ತು ಅಂತ. ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿ ಪಟ್ಟಿಯಲ್ಲಿ ತೀರಾ ಕೆಳಗೆ ಬಂತು. ಕೆಲಸ ಮುಗಿದ ಮೇಲೆ ಜನರ ಜೊತೆ ಕಳೆದ ಹೊತ್ತು ತೀರಾ ಮೇಲಿತ್ತು. ನೀವು ಮೊದಲನೆಯದನ್ನು ಕಡಿಮೆ ಮಾಡಿದ್ದೀರಿ, ಒಳ್ಳೆಯದೇ ಆಯಿತು. ಎರಡನೆಯದೂ ಜೊತೆಗೇ ಹೊರಟುಹೋಯಿತೇನೋ, ನೋಡಿ.

ಉತ್ತರ: ಔಷಧಿ ಅಂಗಡಿ

ಮೇಲಿನವರು ಹೇಳಿದ ಕೊನೆ ಮಾತನ್ನೇ ನಾನು ಮುಂದುವರಿಸುತ್ತೇನೆ. ನಿಮ್ಮ ಹಳೆಯ ಬಡಾವಣೆಯಲ್ಲೇ ನಮ್ಮದೊಂದು ಚಿಕ್ಕ ಮೆಡಿಕಲ್ ಶಾಪ್. ಅಪ್ಪನ ಕಾಲದ್ದು. ಕೌಂಟರಿನ ಈ ಕಡೆ ನಿಂತು ನೋಡಿದ್ದನ್ನು ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಬಿಪಿ ಮಾತ್ರೆ ತಿಂಗಳಿಗೊಂದು ಸಲ ಕೊಂಡರೆ ಸಾಕು. ಆದರೆ ವಯಸ್ಸಾದ ಅನೇಕರು ಹಾಗೆ ಕೊಳ್ಳುವುದಿಲ್ಲ. ಒಂದೇ ಸ್ಟ್ರಿಪ್ ಸಾಕು ಅನ್ನುತ್ತಾರೆ. ದುಡ್ಡಿಲ್ಲ ಅಂತಲ್ಲ. ಹಿಂದಿನ ಬೀದಿಯ ಒಬ್ಬ ಹಿರಿಯರಿದ್ದಾರೆ. ಅಮ್ಲೋಡಿಪಿನ್ ಒಂದು ಸ್ಟ್ರಿಪ್ ತಗೊಳ್ಳುತ್ತಾರೆ. ಎಕ್ಸ್‌ಪೈರಿ ತಾರೀಕನ್ನು ಬೆಳಕಿಗೆ ಹಿಡಿದು ಓದುತ್ತಾರೆ. ನೋಟನ್ನು ಗಾಜಿನ ಮೇಲಿಟ್ಟು ಅಂಗೈಯಲ್ಲಿ ನೀವುತ್ತಾರೆ. ಆಮೇಲೆ ಮಳೆ ವಿಚಾರ. ಇನ್ನೊಬ್ಬ ಗಿರಾಕಿ ಬಂದರೆ ತಕ್ಕಡಿ ಪಕ್ಕಕ್ಕೆ ಸರಿದು ನಿಲ್ಲುತ್ತಾರೆಯೇ ಹೊರತು ಹೋಗುವುದಿಲ್ಲ. ಒಂದು ಸಲ ಅಮೆರಿಕದಲ್ಲಿರುವ ಮಗ ಮೂರು ತಿಂಗಳ ಔಷಧಿಯನ್ನು ಆನ್‌ಲೈನಿನಲ್ಲಿ ಮನೆಗೇ ತರಿಸಿಕೊಟ್ಟ. ಆದರೂ ಇವರು ಅಂಗಡಿಗೆ ಬಂದರು. "ಏನು ಕೊಡಲಿ ಸರ್?" ಅಂದೆ. ಸ್ವಲ್ಪ ಹೊತ್ತು ಶೆಲ್ಫ್ ನೋಡಿದರು. "ಕೆಮ್ಮಿಗೆ ಏನಾದರೂ ಕೊಡಪ್ಪ" ಅಂದರು. ಕೆಮ್ಮು ಇರಲಿಲ್ಲ. ಶುಂಠಿ ಪೆಪ್ಪರಮಿಂಟು ಕೊಟ್ಟು ಸ್ಟೂಲ್ ಹಾಕಿದೆ. ಅವತ್ತಿನಿಂದ ಆ ಸ್ಟೂಲ್ ಅಲ್ಲೇ ಇದೆ.

ಅವರ ಮನೆಯಲ್ಲಿ ಹೆಂಡತಿ ಇದ್ದಾರೆ, ಮಗಳು ವಾರಕ್ಕೊಮ್ಮೆ ಬರುತ್ತಾಳೆ. ಒಂಟಿ ಮನುಷ್ಯ ಅಲ್ಲವೇ ಅಲ್ಲ. ಆದರೆ ಮನೆಯವರ ಮಾತು ಬೇರೆ, ಹೊರಗಿನ ಪರಿಚಯ ಬೇರೆ. ಮನೆಯಲ್ಲಿ ಮಾತು ಶುರುವಾದರೆ ಫೀಸು, ಅಡುಗೆ, ಯಾರಿಗೆ ಹುಷಾರಿಲ್ಲ ಅನ್ನೋದರಲ್ಲೇ ಮುಗಿಯುತ್ತದೆ, ಅಲ್ವಾ? ಹೂವಿನವರು, ಇಸ್ತ್ರಿಯವರು, ಕಾಂಡಿಮೆಂಟ್ಸ್ ಅಂಗಡಿಯವರು ನಿಮ್ಮಿಂದ ಏನನ್ನೂ ಬಯಸುವುದಿಲ್ಲ. ಸುಮ್ನೆ ನಿಮ್ಮ ಮುಖ ಗೊತ್ತು. ಎರಡು ದಿನ ಕಾಣದಿದ್ದರೆ "ಊರಿಗೆ ಹೋಗಿದ್ರಾ?" ಅಂತ ಕೇಳುತ್ತಾರೆ. ನೀವು ಕಳೆದುಕೊಂಡಿರುವುದು ಈ ಪ್ರಶ್ನೆಯನ್ನು ಅಂತ ನನ್ನ ಊಹೆ. ಈಜುಕೊಳ ಇರುವ ಅಪಾರ್ಟ್‌ಮೆಂಟಿನಲ್ಲಿ ಅದನ್ನು ಕೇಳುವವರು ಇರಲೇಬೇಕು ಅಂತೇನಿಲ್ಲ.

ನನ್ನ ಮಗಳು ಮನಃಶಾಸ್ತ್ರ ಓದುತ್ತಿದ್ದಾಳೆ. ಊಟಕ್ಕೆ ಕೂತಾಗ ಇದನ್ನೆಲ್ಲ ಹೇಳಿದೆ. ಅದಕ್ಕೆ ಅವಳು 2014ರ ಒಂದು ಅಧ್ಯಯನದ ಕಥೆ ಹೇಳಿದಳು. ಕೆನಡಾದಲ್ಲಿ ಜಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ ಅನ್ನುವವರು ಕಾಫಿ ಅಂಗಡಿಗೆ ಹೋಗುವ ಜನರನ್ನು ಎರಡು ಗುಂಪು ಮಾಡಿದರಂತೆ. ಒಂದು ಗುಂಪಿಗೆ ಬೇಗ ಕಾಫಿ ತಗೊಂಡು ಬನ್ನಿ ಅಂದರು. ಇನ್ನೊಂದಕ್ಕೆ ಕಾಫಿ ಕೊಡುವವರ ಮುಖ ನೋಡಿ, ನಕ್ಕು, ಎರಡು ಮಾತಾಡಿ ಅಂದರು. ಎರಡನೇ ಗುಂಪಿನವರೇ ಹೆಚ್ಚು ಖುಷಿಯಾಗಿದ್ದರು, ಈ ಊರು ನಮ್ಮದು ಅನ್ನುವ ಭಾವನೆಯೂ ಅವರಿಗೇ ಹೆಚ್ಚಿತ್ತು. ಅದಕ್ಕೂ ಬಹಳ ಮುಂಚೆ, 1973ರಲ್ಲೇ, ಮಾರ್ಕ್ ಗ್ರಾನೊವೆಟರ್ ಅನ್ನುವ ಸಮಾಜಶಾಸ್ತ್ರಜ್ಞ ಹೊಸ ಕೆಲಸದ ಸುದ್ದಿ ಆಪ್ತರಿಗಿಂತ ಅಪರೂಪಕ್ಕೆ ಸಿಗುವ ಪರಿಚಯದವರಿಂದಲೇ ಜಾಸ್ತಿ ಬರುತ್ತದೆ ಅಂತ ಬರೆದಿದ್ದರಂತೆ. ಆಪ್ತರಿಗೆ ನಮಗೆ ಗೊತ್ತಿರುವುದೇ ಗೊತ್ತಿರುತ್ತದೆ. ಹೊಸದು ಬರಬೇಕಾದರೆ ಸ್ವಲ್ಪ ದೂರದವರಿಂದಲೇ ಬರಬೇಕು. ನಮ್ಮ ಅಂಗಡಿ ಕಟ್ಟೆಯಲ್ಲಿ ಬಾಡಿಗೆ ಮನೆ, ಗಂಡು ಹೆಣ್ಣಿನ ಸಂಬಂಧ, ಕೆಲಸ ಎಲ್ಲ ಗೊತ್ತಾಗಿರುವುದನ್ನು ನಾನೇ ನೋಡಿದ್ದೇನೆ.

ಕಲಿಯುವುದರ ಬಗ್ಗೆ ಕೇಳಿದಿರಿ. ಅದಕ್ಕೂ ನನ್ನ ಉತ್ತರ ಇದೇ. ಕೆಲವು ವರ್ಷಗಳಿಂದ ಭಾನುವಾರ ಸಂಜೆ ನಮ್ಮ ಕಡೆಯ ಒಂದು ಗಮಕ ತರಗತಿಗೆ ಹೋಗುತ್ತಿದ್ದೇನೆ. ಹಳೆಯ ಕಾವ್ಯವನ್ನು ರಾಗದಲ್ಲಿ, ಅರ್ಥ ಕೆಡದ ಹಾಗೆ ಪದ ಬಿಡಿಸಿ ಓದುವುದು. ಸಂಗೀತ ಕಚೇರಿಯ ಹಾಗೆ ತಾಳದ ಕಟ್ಟು ಇಲ್ಲ. ಆದರೆ ಉಸಿರಿನ ಕಟ್ಟು ಇದೆ. ಭಾಮಿನಿ ಷಟ್ಪದಿಯಲ್ಲಿ ಆರು ಸಾಲು. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 14 ಮಾತ್ರೆ (ಅಂಗಡಿಯ ಮಾತ್ರೆ ಅಲ್ಲ, ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆ). ಮೂರು ಮತ್ತು ಆರನೇ ಸಾಲು ಮಾತ್ರ ಉದ್ದ, 23 ಮಾತ್ರೆ. ನನಗೆ ಆ ಮೂರನೇ ಸಾಲಿನ ನಡುವೆ ಉಸಿರು ಬೇಕಾಗುತ್ತಿತ್ತು. ಪದ ಎರಡು ತುಂಡಾಗುತ್ತಿತ್ತು. ಎರಡನೇ ಸಾಲು ಮುಗಿಯುವ ಜಾಗದಲ್ಲಿ ನಮ್ಮ ಮೇಷ್ಟ್ರು ತೋರುಬೆರಳನ್ನು ಒಂದಿಷ್ಟೇ ಎತ್ತುತ್ತಾರೆ. ಇಲ್ಲಿ ತಗೋ ಅಂತ. ಅಷ್ಟೇ ಪಾಠ.

ಒಂದು ಭಾನುವಾರ ಪದ್ಯ ಮುಗಿಸಿ ತಲೆ ಎತ್ತಿದೆ. ಪಕ್ಕದಲ್ಲಿ ಕೂರುವ, ಬ್ಯಾಂಕಿನಿಂದ ನಿವೃತ್ತರಾದ ಹೆಂಗಸು "ಇವತ್ತು ತುಂಡಾಗಲಿಲ್ಲ ನೋಡಿ" ಅಂದರು. ನನಗೆ ಗೊತ್ತೇ ಆಗಿರಲಿಲ್ಲ! ಅವರು ಅಷ್ಟೂ ಭಾನುವಾರ ನನ್ನ ತುಂಡು ಪದಗಳನ್ನು ಕೇಳಿದ್ದರು, ಅದಕ್ಕೇ ಅವರಿಗೆ ಗೊತ್ತಾಯಿತು. ನಾವು ಬೆಳೆದದ್ದು ಎಷ್ಟೋ ಸಲ ನಮಗಿಂತ ಮೊದಲು ಪಕ್ಕದಲ್ಲಿ ಕೂತವರಿಗೆ ತಿಳಿಯುತ್ತದೆ. ಆನ್‌ಲೈನ್ ಕೋರ್ಸಿನಲ್ಲಿ ಪಾಠ ಚೆನ್ನಾಗೇ ಇರುತ್ತದೆ. ಪಕ್ಕದ ಕುರ್ಚಿ ಇರುವುದಿಲ್ಲ. ನಿಮ್ಮ ಕೋರ್ಸುಗಳು ನಿಂತಿದ್ದಕ್ಕೆ ಸೋಮಾರಿತನ ಕಾರಣ ಅಂತ ನನಗೆ ಅನ್ನಿಸುವುದಿಲ್ಲ.

ಹಾಗಾಗಿ ನನ್ನ ಸಲಹೆ ಸಣ್ಣದು. ವಾರಕ್ಕೊಂದು ಸಲ, ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ ಹೋಗಿ. ಗಮಕವೇ ಆಗಬೇಕಿಲ್ಲ. ಬಸವನಗುಡಿಯಲ್ಲಿ ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ 1945ರಿಂದ ಇದೆ, ಉಪನ್ಯಾಸಕ್ಕೆ ಯಾರು ಬೇಕಾದರೂ ಹೋಗಿ ಕೂರಬಹುದು. ಎನ್.ಆರ್. ಕಾಲೋನಿಯಲ್ಲಿ ಡಿ.ವಿ.ಜಿ. ಕಟ್ಟಿದ ಗೋಖಲೆ ಸಂಸ್ಥೆ ಇದೆ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಲೈಬ್ರರಿ ಇದೆ. ಜಾಗ ಯಾವುದಾದರೂ ಸರಿ, ಅಲ್ಲಿ ಒಬ್ಬರು ನಿಮ್ಮನ್ನು "ಹೋದ ವಾರ ಕಾಣಲಿಲ್ಲ" ಅಂತ ಕೇಳುವವರೆಗೂ ಬಿಡಬೇಡಿ.

ಉತ್ತರ: ನೈಟ್ ಡ್ಯೂಟಿ

ಅಂಗಡಿಯವರ ಮಾತು ಇಷ್ಟವಾಯಿತು. ಆದರೆ ಎಲ್ಲರಿಗೂ ಭಾನುವಾರ ಸಂಜೆ ಸಿಗುವುದಿಲ್ಲ. ನಾನು ನರ್ಸ್, ಪಾಳಿ ಬದಲಾಗುತ್ತಲೇ ಇರುತ್ತದೆ. ನನ್ನಂಥವರಿಗೆ ಮೊದಲು ನಿದ್ದೆ. ಬೆಳಿಗ್ಗೆ ಮನೆಗೆ ಬಂದು ದಪ್ಪ ಪರದೆ ಎಳೆದು, ಫೋನನ್ನು ಅಡುಗೆಮನೆಯಲ್ಲಿಟ್ಟು ಮಲಗಿದ ದಿನ ಮಕ್ಕಳ ಮೇಲೆ ರೇಗುವುದಿಲ್ಲ. ಅಷ್ಟು ನೇರ ಸಂಬಂಧ.

21 ದಿನದಲ್ಲಿ ಅಭ್ಯಾಸ ಆಗಿಬಿಡುತ್ತದೆ ಅಂತ ಹೇಳುವವರನ್ನು ನಂಬಬೇಡಿ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ನೋಡಿ ಲೆಕ್ಕ ಹಾಕಿದಾಗ ಸರಾಸರಿ 66 ದಿನ ಬೇಕಾಗಿತ್ತು. ಕೆಲವರಿಗೆ 18 ಸಾಕು, ಕೆಲವರಿಗೆ 254ರವರೆಗೂ ಹೋಗುತ್ತದೆ. ಮಧ್ಯೆ ಒಂದು ದಿನ ತಪ್ಪಿದರೆ ದೊಡ್ಡ ವ್ಯತ್ಯಾಸ ಆಗಲಿಲ್ಲ. ಪಾಳಿ ಕೆಲಸದವರು ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಬೇಕು.

ಇನ್ನೊಂದು ವಿಷಯ, ದಯವಿಟ್ಟು ಗಮನ ಕೊಡಿ. ಸಪ್ಪೆ ಅನ್ನಿಸುವುದು ಬೇರೆ, ಖಿನ್ನತೆ ಬೇರೆ. ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಆಸಕ್ತಿ ಇಲ್ಲದೆ, ನಿದ್ದೆ, ಹಸಿವು ಕೆಟ್ಟು, ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದ್ದರೆ ಅದು ತರಗತಿ, ವಾಕಿಂಗ್‌ನಿಂದ ಸರಿಹೋಗುವಂಥದ್ದಲ್ಲ. ಆ ಯೋಚನೆ ಬಂದರಂತೂ ಎರಡು ವಾರ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾಗಿದ್ದು, ನಮ್ಮ ನಿಮ್ಹಾನ್ಸ್ ಅದರ ಬೆನ್ನಿಗಿದೆ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಉತ್ತರ: ಪೀಣ್ಯ ಎರಡನೇ ಹಂತ

ದುಡ್ಡಿನ ಮಾತನ್ನು ಯಾರೂ ಎತ್ತಲಿಲ್ಲ, ನಾನು ಎತ್ತುತ್ತೇನೆ. ಸಂಬಳ ಹೆಚ್ಚಾದರೂ ಖುಷಿ ಇಲ್ಲ ಅಂದಾಗ, ದುಡ್ಡಿನಿಂದ ಏನೂ ಆಗಲ್ಲ ಅಂತ ಓದಿಕೊಳ್ಳಬೇಡಿ. ಅಮೆರಿಕದಲ್ಲಿ ವರ್ಷಕ್ಕೆ 75,000 ಡಾಲರ್ ದಾಟಿದ ಮೇಲೆ ದಿನನಿತ್ಯದ ಖುಷಿ ಏರುವುದಿಲ್ಲ ಅಂತ 2010ರಲ್ಲಿ ಇದೇ ಕಾನ್‌ಮನ್ ಮತ್ತು ಆಂಗಸ್ ಡೀಟನ್ ಬರೆದಿದ್ದರು. ಆ ಮಾತು ಎಲ್ಲ ಕಡೆ ಓಡಾಡಿತು. 2021ರಲ್ಲಿ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಹಾಗಲ್ಲ, ಏರುತ್ತಲೇ ಇರುತ್ತದೆ ಅಂದರು. 2023ರಲ್ಲಿ ಕಿಲಿಂಗ್ಸ್‌ವರ್ತ್ ಮತ್ತು ಕಾನ್‌ಮನ್ ಸೇರಿಯೇ ಲೆಕ್ಕ ನೋಡಿದಾಗ ಸಿಕ್ಕಿದ್ದು ಇದು: ಹೆಚ್ಚಿನವರಿಗೆ ಖುಷಿ ಏರುತ್ತಲೇ ಹೋಗುತ್ತದೆ, ತೀರಾ ಬೇಸರದಲ್ಲಿರುವ ಒಂದು ಗುಂಪಿಗೆ ಮಾತ್ರ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ. ನಾನು ಪೀಣ್ಯದಲ್ಲಿ ಲೇತ್ ಮಷೀನ್ ಓಡಿಸುವವನು. ಓಟಿ ಸಿಕ್ಕಿದ ತಿಂಗಳು ಮನೆಯಲ್ಲಿ ಮಾತು ಮೆತ್ತಗಿರುತ್ತದೆ. ಅದೂ ಖುಷಿಯೇ.

ಹೊಂಗೆನೆರಳು

ಎಲ್ಲರಿಗೂ ಥ್ಯಾಂಕ್ಸ್. ಪೀಣ್ಯದವರೇ, ನಿಮ್ಮ ಮಾತು ಒಪ್ಪುತ್ತೇನೆ. ಸಂಬಳ ಹೆಚ್ಚಾದ ಮೇಲೆ ಅಮ್ಮನ ಕಣ್ಣಿನ ಆಪರೇಷನ್ ನಿಶ್ಚಿಂತೆಯಿಂದ ಮಾಡಿಸಿದೆ. ಅದು ಸಣ್ಣ ಸಮಾಧಾನ ಅಲ್ಲ. ನರ್ಸ್ ಅಕ್ಕಾ, ನೀವು ಹೇಳಿದ ಮಟ್ಟಕ್ಕೆ ನಾನು ಹೋಗಿಲ್ಲ, ನಂಬರ್ ಇಟ್ಟುಕೊಂಡಿದ್ದೇನೆ.

ಅಂಗಡಿಯವರೇ, ಇಸ್ತ್ರಿಯವರ ಮಾತು ಓದಿ ಕಣ್ಣು ತುಂಬಿತು. ನಮ್ಮ ಹಳೇ ಬೀದಿಯ ಇಸ್ತ್ರಿಯವರು ನನ್ನ ಮಗಳ ಯೂನಿಫಾರಂ ಉದ್ದ ನೋಡಿ "ಪಾಪು ಬೆಳೆದಳಲ್ಲಮ್ಮ" ಅನ್ನುತ್ತಿದ್ದರು. ಇನ್ನು ಮೇಲೆ ಸೊಪ್ಪನ್ನು ಗೇಟಿನ ಹೊರಗೆ ಗಾಡಿಯಲ್ಲಿ ಮಾರುವ ಅಜ್ಜಿಯ ಹತ್ತಿರವೇ ಕೊಳ್ಳುತ್ತೇನೆ. ಗಮಕ ತರಗತಿಗೆ ಹೊಸಬರು ಬರಬಹುದಾ? ರಾಗ ಗೊತ್ತಿಲ್ಲ. ಶಾಲೆಯಲ್ಲಿ ಪದ್ಯ ಕಂಠಪಾಠ ಮಾಡುತ್ತಿದ್ದೆ, ಅಷ್ಟೇ. ಮಗಳನ್ನೂ ಕರೆತರಬಹುದಾ?

ಔಷಧಿ ಅಂಗಡಿ

ಖಂಡಿತ ಬನ್ನಿ. ರಾಗ ಗೊತ್ತಿರಬೇಕಿಲ್ಲ, ಕನ್ನಡ ಓದಲು ಬಂದರೆ ಸಾಕು. ಮಕ್ಕಳು ಬರುತ್ತಾರೆ, ನಮಗಿಂತ ಬೇಗ ಕಲಿಯುತ್ತಾರೆ. ಕಾರಿನಲ್ಲಿ ಬಂದರೆ ನಿಲ್ಲಿಸಲು ಜಾಗ ಇಲ್ಲ. ಸಿಲ್ಕ್ ಬೋರ್ಡ್‌ವರೆಗೆ ಬಸ್ಸು, ಅಲ್ಲಿಂದ ಹಳದಿ ಮಾರ್ಗದಲ್ಲಿ ಆರ್.ವಿ. ರೋಡ್, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ ನ್ಯಾಷನಲ್ ಕಾಲೇಜಿನಲ್ಲಿ ಇಳಿಯಿರಿ. ಅಲ್ಲಿಂದ ಆಟೋ. ಜಾಗ, ಸಮಯ ಇನ್‌ಬಾಕ್ಸಿಗೆ ಕಳಿಸಿದ್ದೇನೆ. ಪದ್ಯದ ಜೆರಾಕ್ಸ್ ನಾನೇ ತರುತ್ತೇನೆ, ನಿಮಗೊಂದು, ಮಗಳಿಗೊಂದು.